ಥೈರಾಯ್ಡ್ ಯಾಕೆ ದೊಡ್ಡದಾಗುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ನೀರಿನ ಬಾಟಲಿ ಇರುವವರು ಕೈಗೆ ತಗೊಳ್ಳಿ. ಗಲ್ಲವನ್ನು ಸ್ವಲ್ಪ ಮೇಲಕ್ಕೆ ಎತ್ತಿ. ಗಂಡಸರಲ್ಲಿ ಗಂಟಲಿನ ಮುಂದೆ ಒಂದು ಉಬ್ಬು ಎದ್ದು ಕಾಣುತ್ತದಲ್ಲ, ಅದರಿಂದ ಎರಡು ಬೆರಳು ಕೆಳಗೆ ಮೆಲ್ಲಗೆ ಕೈ ಇಡಿ. ಒತ್ತಬೇಡಿ. ಈಗ ಒಂದು ಗುಟುಕು ನೀರು ನುಂಗಿ. ಬೆರಳ ಕೆಳಗೆ ಏನೋ ಮೇಲೆ ಹೋಗಿ ವಾಪಸ್ ಬಂತು, ಅಲ್ವಾ?

ನಿಮಗೆ ಸಿಕ್ಕಿದ್ದು ಹೆಚ್ಚಾಗಿ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳದ ಗಟ್ಟಿ ಭಾಗ. ಥೈರಾಯ್ಡ್ ಅದಕ್ಕೆ ಅಂಟಿಕೊಂಡು ಕೂತಿರುತ್ತದೆ. ಎಡಕ್ಕೊಂದು, ಬಲಕ್ಕೊಂದು ಭಾಗ, ನಡುವೆ ಅವನ್ನು ಸೇರಿಸುವ ತೆಳ್ಳಗಿನ ಪಟ್ಟಿ. ದೊಡ್ಡವರಲ್ಲಿ ಇಡೀ ಗ್ರಂಥಿಯ ತೂಕ ಸುಮಾರು 15ರಿಂದ 20 ಗ್ರಾಂ. ಆರೋಗ್ಯವಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕೈಗೂ ಅಷ್ಟಾಗಿ ಸಿಗುವುದಿಲ್ಲ. ದೊಡ್ಡದಾದಾಗ ಮಾತ್ರ ಕಾಣುತ್ತದೆ, ಮತ್ತು ನುಂಗುವಾಗ ಮೇಲೆ ಹೋಗಿ ಬರುತ್ತದೆ. ಕುತ್ತಿಗೆಯಲ್ಲಿ ಬೇರೆ ಥರದ ಗಂಟುಗಳೂ ಬರುತ್ತವೆ. ದುಗ್ಧಗ್ರಂಥಿ (ಲಿಂಫ್ ಗ್ರಂಥಿ) ಊದಿದ್ದರೆ, ಕೊಬ್ಬಿನ ಗಂಟಾಗಿದ್ದರೆ ಅದು ನುಂಗುವಾಗ ಹಾಗೆ ಚಲಿಸುವುದಿಲ್ಲ. ಯಾವ ಯಂತ್ರವೂ ಇಲ್ಲದೆ, ಒಂದು ಲೋಟ ನೀರಿನಿಂದ ಡಾಕ್ಟರಿಗೆ ಅರ್ಧ ಉತ್ತರ ಸಿಗುವುದು ಹೀಗೆ.

ಥೈರಾಯ್ಡ್ ದೊಡ್ಡದಾಗುವುದಕ್ಕೆ ಗಳಗಂಡ ಎನ್ನುತ್ತೇವೆ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಗ್ರಂಥಿ ಎಷ್ಟು ದೊಡ್ಡದಾಗಿದೆ ಎನ್ನುವುದು ಒಂದು ಪ್ರಶ್ನೆ. ಅದು ಎಷ್ಟು ಕೆಲಸ ಮಾಡುತ್ತಿದೆ ಎನ್ನುವುದು ಇನ್ನೊಂದು. ಈ ಎರಡನ್ನೂ ಜನ ಒಂದೇ ಮಾಡಿಬಿಡುತ್ತಾರೆ. ದೊಡ್ಡದಾಗಿದ್ದರೆ "ಥೈರಾಯ್ಡ್ ಜಾಸ್ತಿ" ಎಂದು ತಿಳಿಯುತ್ತಾರೆ. ಹಾಗಿಲ್ಲ. ದೊಡ್ಡ ಗ್ರಂಥಿ ಕಮ್ಮಿ ಕೆಲಸ ಮಾಡುತ್ತಿರಬಹುದು, ವಿಪರೀತ ಕೆಲಸ ಮಾಡುತ್ತಿರಬಹುದು, ಸರಿಯಾಗಿಯೂ ಮಾಡುತ್ತಿರಬಹುದು. ಗಾತ್ರ ನೋಡಿ ಕೆಲಸ ಹೇಳಲು ನನಗೂ ಆಗುವುದಿಲ್ಲ.

ಹಾಗಾದರೆ ಕೆಲಸ ಏನು?

1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಈ ಗ್ರಂಥಿಗೆ ಹೆಸರಿಟ್ಟ. ಇದು ಯಾಕಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಕುತ್ತಿಗೆ ದುಂಡಗೆ ಚೆಂದ ಕಾಣಲಿ ಎಂದು, ಅದರಲ್ಲೂ ಹೆಂಗಸರಿಗೆ ಒಪ್ಪಲಿ ಎಂದು ಇದೆ ಅಂತ ಬರೆದಿಟ್ಟ. ನಗಬೇಡಿ, ಆ ಕಾಲದಲ್ಲಿ ಹಾರ್ಮೋನ್ ಎನ್ನುವ ಕಲ್ಪನೆಯೇ ಇರಲಿಲ್ಲ. ಈಗ ನಮಗೆ ಗೊತ್ತಿರುವಂತೆ ಅದು ಮುಖ್ಯವಾಗಿ ಎರಡು ಹಾರ್ಮೋನ್ ತಯಾರಿಸುತ್ತದೆ: ಟಿ4 ಮತ್ತು ಟಿ3. ಮೊದಲನೆಯದರ ಒಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣು, ಎರಡನೆಯದರಲ್ಲಿ ಮೂರು. ದೇಹದ ಜೀವಕೋಶಗಳು ಎಷ್ಟು ಬಿರುಸಾಗಿ ಕೆಲಸ ಮಾಡಬೇಕು ಎನ್ನುವುದು ಇವುಗಳ ಕೈಯಲ್ಲಿದೆ. ಹೃದಯದ ಬಡಿತ, ಮೈಯ ಬಿಸಿ, ಹೊಟ್ಟೆಯ ಚಲನೆ, ತೂಕ, ಮುಟ್ಟು, ಮನಸ್ಸಿನ ಲವಲವಿಕೆ ಎಲ್ಲದಕ್ಕೂ ಇವುಗಳ ನಂಟಿದೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದಕ್ಕಂತೂ ಇವು ಬೇಕೇ ಬೇಕು.

ಥೈರಾಯ್ಡ್ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ ಇದೆ. ಅದು ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ರಕ್ತದಲ್ಲಿ ಟಿ4 ಸಾಕಷ್ಟಿದ್ದರೆ ಟಿಎಸ್‌ಎಚ್ ಇಳಿಯುತ್ತದೆ, ಕಮ್ಮಿಯಾದರೆ ಏರುತ್ತದೆ. ಕರೆದರೆ ಓಗೊಡದವರನ್ನು ಕೂಗುವಾಗ ನಾವು ದನಿ ಏರಿಸುತ್ತೇವಲ್ಲ, ಹಾಗೆ. ಅದಕ್ಕೇ ರಿಪೋರ್ಟಿನಲ್ಲಿ ಟಿಎಸ್‌ಎಚ್ ಜಾಸ್ತಿ ಬಂದರೆ ಸಾಮಾನ್ಯವಾಗಿ ಥೈರಾಯ್ಡ್ ಕೆಲಸ ಕಮ್ಮಿಯಾಗಿದೆ ಎಂದು ಅರ್ಥ. "ನನ್ನದು 12 ಬಂದಿದೆ, ಥೈರಾಯ್ಡ್ ತುಂಬಾ ಜಾಸ್ತಿ ಆಗಿದೆ" ಎನ್ನುವವರ ಸಮಸ್ಯೆ ತಿರುಗುಮುರುಗಾಗಿರುತ್ತದೆ.

ಟಿಎಸ್‌ಎಚ್ ಕೆಲಸ ಮಾಡಿಸುವುದಷ್ಟೇ ಅಲ್ಲ, ಗ್ರಂಥಿಯನ್ನು ಬೆಳೆಸುತ್ತದೆ ಕೂಡ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಟಿಎಸ್‌ಎಚ್ ಒತ್ತಡ ಬೀಳುತ್ತಲೇ ಇದ್ದರೆ ಥೈರಾಯ್ಡ್ ಕೋಶಗಳು ದೊಡ್ಡದಾಗುತ್ತವೆ, ಸಂಖ್ಯೆಯಲ್ಲೂ ಹೆಚ್ಚುತ್ತವೆ. ಗ್ರಂಥಿ ದಪ್ಪವಾಗುವುದಕ್ಕೆ ಇದೊಂದು ಮುಖ್ಯ ದಾರಿ. ಇನ್ನೊಂದು ದಾರಿ, ರೋಗನಿರೋಧಕ ಕಣಗಳು ಒಳಗೆ ನುಗ್ಗಿ ಉರಿಯೂತ ಆಗುವುದು. ಮತ್ತೊಂದು, ಗ್ರಂಥಿಯ ಒಳಗೆ ಅಲ್ಲಲ್ಲಿ ಗಂಟುಗಳು ಬೆಳೆಯುವುದು. ಈಗ ಹೇಳುವ ಕಾರಣಗಳೆಲ್ಲ ಹೆಚ್ಚುಕಮ್ಮಿ ಈ ಮೂರರಲ್ಲಿ ಒಂದಕ್ಕೆ ಬಂದು ಸೇರುತ್ತವೆ. ಕೆಲವೊಮ್ಮೆ ಎರಡಕ್ಕೆ.

ಅಯೋಡಿನ್ ಕಥೆ

ಪ್ರಪಂಚದಲ್ಲಿ ಗಳಗಂಡಕ್ಕೆ ಅತಿ ದೊಡ್ಡ ಕಾರಣ ಅಯೋಡಿನ್ ಕೊರತೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಸಹಿಸಿಕೊಳ್ಳಿ. ವೈದ್ಯಕೀಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಅಗ್ಗದ ಉತ್ತರ ಸಿಕ್ಕಿದ್ದು ಅಪರೂಪ.

ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಬಸುರಿ, ಬಾಣಂತಿಯರಿಗೆ 250. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ದಿನಕ್ಕೆ 150ರಂತೆ 70 ವರ್ಷಕ್ಕೆ ಲೆಕ್ಕ ಹಾಕಿದರೂ 4 ಗ್ರಾಂ ದಾಟುವುದಿಲ್ಲ. ಇಡೀ ಜೀವಮಾನಕ್ಕೆ ಅಷ್ಟೇ. ಆದರೆ ಅಷ್ಟೂ ಒಂದೇ ದಿನ ತಿಂದು ಮುಗಿಸುವ ಹಾಗಿಲ್ಲ, ದಿನಾ ಚೂರುಚೂರು ಬರುತ್ತಿರಬೇಕು.

ಈ ಚೂರು ಎಲ್ಲಿಂದ ಬರಬೇಕು? ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ನಮಗೆ. ಬೆಟ್ಟದ ಸೀಮೆಗಳಲ್ಲಿ ಹಿಮನದಿ, ಮಳೆ, ಪ್ರವಾಹ ಎಲ್ಲ ಸೇರಿ ಮಣ್ಣಿನ ಅಯೋಡಿನ್ ತೊಳೆದು ಸಮುದ್ರಕ್ಕೆ ಸೇರಿಸಿವೆ. ಆಲ್ಪ್ಸ್, ಆಂಡಿಸ್, ಹಿಮಾಲಯದ ತಪ್ಪಲಲ್ಲಿ ಗಳಗಂಡ ಹಿಂದೆ ಮನೆಮನೆಯ ಕಾಯಿಲೆಯಾಗಿದ್ದದ್ದು ಇದಕ್ಕೇ. ಪದೇ ಪದೇ ನೆರೆ ಬರುವ ಬಯಲುಗಳಲ್ಲೂ ಅಷ್ಟೇ. ಅಲ್ಲಿನ ಮಣ್ಣಿನಲ್ಲಿ ಬೆಳೆದದ್ದನ್ನು ಎಷ್ಟು ಚೆನ್ನಾಗಿ ಉಂಡರೂ ಅಯೋಡಿನ್ ಸಾಲದು. ಬಡತನಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ ಎನ್ನುವುದನ್ನು ಗಮನಿಸಿ.

1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲ ಪಾಚಿಯ ಬೂದಿಯ ಜೊತೆ ಕೆಲಸ ಮಾಡುವಾಗ ನೇರಳೆ ಬಣ್ಣದ ಹೊಗೆ ಎದ್ದಿತು. ಅದೇ ಅಯೋಡಿನ್. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟು ನೋಡಿದ. ಹಿಂದಿನಿಂದಲೂ ಜನ ಈ ಕಾಯಿಲೆಗೆ ಸುಟ್ಟ ಕಡಲ ಸ್ಪಂಜು ತಿನ್ನುತ್ತಿದ್ದರು, ಗುಣ ಇರುವುದು ಅದರೊಳಗಿನ ಅಯೋಡಿನ್‌ನಲ್ಲೇ ಇರಬೇಕು ಎಂದು ಅವನ ಊಹೆ. ಊಹೆ ಸರಿಯಾಗಿತ್ತು, ಊತ ಇಳಿಯಿತು. ಆದರೆ ಡೋಸ್ ವಿಪರೀತವಾಗಿತ್ತು. ಕೆಲವರಿಗೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಮೈ ಇಳಿಯುವುದು ಶುರುವಾಯಿತು. ಜನ ಹೆದರಿದರು. ಅಯೋಡಿನ್ ಹೆಸರು ಕೆಟ್ಟಿತು. 1896ರ ಹೊತ್ತಿಗೆ ಜರ್ಮನಿಯ ಬೌಮನ್ ಥೈರಾಯ್ಡ್ ಒಳಗೇ ಅಯೋಡಿನ್ ಇದೆ ಎಂದು ತೋರಿಸಿದ ಮೇಲೆ ವಿಷಯ ಮತ್ತೆ ಗಂಭೀರವಾಯಿತು.

ನನಗೆ ಬಹಳ ಇಷ್ಟವಾದ ಭಾಗ ಅಮೆರಿಕದ್ದು. ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ 1917ರಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಲ್ ಎಂಬ ಇಬ್ಬರು ಶಾಲೆಯ ಹುಡುಗಿಯರ ಮೇಲೆ ಒಂದು ಅಧ್ಯಯನ ಶುರು ಮಾಡಿದರು. ಕೆಲವರಿಗೆ ವರ್ಷಕ್ಕೆ ಎರಡು ಸಲ ಸ್ವಲ್ಪ ದಿನ ಅಯೋಡಿನ್ ಲವಣ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ತಗೊಂಡ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರಲ್ಲಿ ಗ್ರಂಥಿ ದೊಡ್ಡದಾದದ್ದು ಐದೇ ಜನಕ್ಕೆ. ತಗೊಳ್ಳದ, ಹೆಚ್ಚುಕಮ್ಮಿ ಅಷ್ಟೇ ಹುಡುಗಿಯರಲ್ಲಿ 495 ಜನಕ್ಕೆ. ಇಂಥ ಅಂಕಿ ಕಂಡ ಮೇಲೆ ವಾದ ಮಾಡುವುದಕ್ಕೆ ಏನು ಉಳಿಯುತ್ತದೆ? 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಶಿಗನ್ ಉಪ್ಪಿಗೆ ಅಯೋಡಿನ್ ಸೇರಿಸಲು ತೊಡಗಿದವು. ಉಪ್ಪನ್ನೇ ಯಾಕೆ ಆರಿಸಿದರು ಎಂದರೆ, ಬಡವರು ಬಲ್ಲಿದರು ಎನ್ನದೆ ಎಲ್ಲರೂ ದಿನಾ, ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿನ್ನುವ ವಸ್ತು ಅದು.

1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ನಮ್ಮ ದೇಶದ ವೈದ್ಯವಿಜ್ಞಾನಿ ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಶುರು ಮಾಡಿದ ಅಧ್ಯಯನವೂ ಈ ಸಾಲಿನದೇ. ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಸಾದಾ ಉಪ್ಪು ಹಂಚಿದರು. ಕೆಲವು ವರ್ಷಗಳಲ್ಲಿ ಅಯೋಡಿನ್ ಉಪ್ಪು ಸಿಕ್ಕ ಕಡೆ ಗಳಗಂಡ ಚೆನ್ನಾಗಿ ಇಳಿಯಿತು, ಸಾದಾ ಉಪ್ಪಿನ ಭಾಗದಲ್ಲಿ ಹಾಗೆ ಇಳಿಯಲಿಲ್ಲ. ಭಾರತದಲ್ಲಿ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. 1992ರಲ್ಲಿ ಅದರ ಹೆಸರು ಬದಲಿಸಿ ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನೂ ಸೇರಿಸಿದರು.

ಹೆಸರು ಬದಲಿಸಿದ್ದಕ್ಕೆ ಕಾರಣ ಇದೆ. ಊತ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದೇ ದೊಡ್ಡ ತೊಂದರೆ ಅನಿಸುತ್ತದೆ. ನಿಜವಾದ ನಷ್ಟ ಕಾಣದ ಕಡೆ ಆಗುತ್ತಿರುತ್ತದೆ. ತಾಯಿಗೆ ಅಯೋಡಿನ್ ತೀರಾ ಕಮ್ಮಿಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಗರ್ಭಪಾತ, ಕಿವುಡು, ಬುದ್ಧಿ ಕುಂಠಿತವಾಗುವುದು, ಗಿಡ್ಡಗೆ ಉಳಿಯುವುದು ಎಲ್ಲ ಈ ಪಟ್ಟಿಯಲ್ಲಿವೆ. ತಡೆಯಬಹುದಾದ ಮಿದುಳಿನ ಹಾನಿಗೆ ಜಗತ್ತಿನಲ್ಲಿ ಮುಖ್ಯ ಕಾರಣ ಅಯೋಡಿನ್ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಕುತ್ತಿಗೆಯ ಊತವನ್ನು ಆಪರೇಷನ್ ಮಾಡಿ ತೆಗೆಯಬಹುದು. ಮಗುವಿನ ಮಿದುಳಿಗೆ ಆದ ಹಾನಿಗೆ ಆಪರೇಷನ್ ಇಲ್ಲ.

ಒಂದು ಎಚ್ಚರಿಕೆ. ಅಯೋಡಿನ್ ಒಳ್ಳೆಯದು ಎಂದು ಕೇಳಿದ ಕೂಡಲೇ ಹನಿ ಔಷಧಿ, ಕಡಲ ಪಾಚಿಯ ಮಾತ್ರೆ ಹುಡುಕಿಕೊಂಡು ಹೋಗಬೇಡಿ. ಅತಿಯಾದರೂ ಗ್ರಂಥಿ ಊದುತ್ತದೆ. ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಕಡಲ ಪಾಚಿಯನ್ನು ವಿಪರೀತ ತಿನ್ನುತ್ತಿದ್ದವರಲ್ಲಿ ಹೀಗೆ ಗಳಗಂಡ ಕಂಡುಬಂದಿತ್ತು. ವರ್ಷಗಳಿಂದ ಗಂಟುಗಂಟಾಗಿರುವ ಥೈರಾಯ್ಡ್‌ಗೆ ಒಮ್ಮೆಲೇ ಜಾಸ್ತಿ ಅಯೋಡಿನ್ ಸಿಕ್ಕರೆ ಅದು ಹದ್ದು ಮೀರಿ ಹಾರ್ಮೋನ್ ಮಾಡಲು ತೊಡಗಬಹುದು. ಕ್ವಾಂದೆಯ ರೋಗಿಗಳಿಗೆ ಆದದ್ದು ಬಹುಶಃ ಇದೇ.

ಅಯೋಡಿನ್ ಸಾಕಷ್ಟಿದ್ದರೂ ಊತ ಬಂದರೆ?

ಅಯೋಡಿನ್ ಉಪ್ಪು ಸಿಗುವ ಕಡೆ ನಾವು ಜಾಸ್ತಿ ನೋಡುವುದು ಹಶಿಮೊಟೊ ಕಾಯಿಲೆ. ಜಪಾನಿನ ಹಕರು ಹಶಿಮೊಟೊ 1912ರಲ್ಲಿ ನಾಲ್ಕು ಹೆಂಗಸರ ಥೈರಾಯ್ಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ವಿವರಿಸಿದ. ಇಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಬಿಳಿ ರಕ್ತಕಣಗಳು ಒಳಗೆ ತುಂಬಿಕೊಂಡು ಗ್ರಂಥಿ ದಪ್ಪವಾಗುತ್ತದೆ. ಕೈಗೆ ರಬ್ಬರಿನ ಥರ ಗಟ್ಟಿ ಅನಿಸುತ್ತದೆ, ನೋವು ಸಾಮಾನ್ಯವಾಗಿ ಇರುವುದಿಲ್ಲ. ನಿಧಾನಕ್ಕೆ ಕೋಶಗಳು ಹಾಳಾಗಿ ಕೆಲಸ ಕಮ್ಮಿಯಾಗುತ್ತದೆ. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಚರ್ಮ ಒಣಗುವುದು, ಮುಟ್ಟು ಜಾಸ್ತಿ ಹೋಗುವುದು, ಮಂಕು ಕವಿಯುವುದು. ಇದೆಲ್ಲ ಎಷ್ಟು ಮೆಲ್ಲಗೆ ಬರುತ್ತದೆ ಎಂದರೆ "ವಯಸ್ಸಾಯ್ತು, ಕೆಲಸ ಜಾಸ್ತಿ, ಅದಕ್ಕೇ" ಎಂದು ಹಲವರು ವರ್ಷಗಟ್ಟಲೆ ತಳ್ಳಿಬಿಡುತ್ತಾರೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹಲವು ಪಟ್ಟು ಜಾಸ್ತಿ, ಮನೆತನದಲ್ಲೂ ಹರಿದು ಬರುತ್ತದೆ. ಆಂಟಿ ಟಿಪಿಓ ಎಂಬ ರಕ್ತಪರೀಕ್ಷೆಯಲ್ಲಿ ಇದರ ಸುಳಿವು ಸಿಗುತ್ತದೆ.

ಇದಕ್ಕೆ ತದ್ವಿರುದ್ಧ ಗ್ರೇವ್ಸ್ ಕಾಯಿಲೆ. ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಬರೆದದ್ದು. ಇಲ್ಲೂ ತಪ್ಪು ಮಾಡುವುದು ರೋಗನಿರೋಧಕ ಶಕ್ತಿಯೇ. ಆದರೆ ಇಲ್ಲಿ ಹುಟ್ಟುವ ಪ್ರತಿಕಾಯಗಳು (ರೋಗಾಣುಗಳನ್ನು ಎದುರಿಸಲೆಂದು ದೇಹ ತಯಾರಿಸುವ ಪ್ರೋಟೀನುಗಳು) ಥೈರಾಯ್ಡನ್ನು ಕೊಲ್ಲುವುದಿಲ್ಲ, ಟಿಎಸ್‌ಎಚ್ ಕೂರುವ ಜಾಗದಲ್ಲೇ ಕೂತು ಬಿಡುವಿಲ್ಲದೆ ದುಡಿಸುತ್ತವೆ. ಪಿಟ್ಯುಟರಿ ಟಿಎಸ್‌ಎಚ್ ಕಳಿಸುವುದನ್ನು ಪೂರಾ ನಿಲ್ಲಿಸಿದರೂ ಇವು ನಿಲ್ಲುವುದಿಲ್ಲ. ಇಂಥ ರೋಗಿ ಒಳಗೆ ಬಂದು ಕೂತರೆ ಅರ್ಧ ಕಾಯಿಲೆ ಕಣ್ಣಿಗೇ ಕಾಣುತ್ತದೆ. ಫ್ಯಾನ್ ಕೆಳಗೂ ಬೆವರು. ಚೆನ್ನಾಗಿ ಉಂಡರೂ ಬಟ್ಟೆ ಸಡಿಲ. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರೆ ಹಾಳೆಯ ಅಂಚು ಸಣ್ಣಗೆ ಅದುರುತ್ತದೆ. ನಾಡಿ ನೂರು ದಾಟಿರುತ್ತದೆ. ಕೆಲವರಲ್ಲಿ ಕಣ್ಣುಗುಡ್ಡೆ ಮುಂದೆ ಬಂದಿರುತ್ತದೆ. ಗ್ರಂಥಿಗೆ ರಕ್ತದ ಹರಿವು ಎಷ್ಟು ಹೆಚ್ಚಿರುತ್ತದೆ ಎಂದರೆ, ಊತದ ಮೇಲೆ ಸ್ಟೆತೊಸ್ಕೋಪ್ ಇಟ್ಟರೆ ಒಂದೊಂದು ಬಡಿತಕ್ಕೂ ಸುಯ್ ಸುಯ್ ಎಂಬ ಸದ್ದು ಕೇಳಬಹುದು.

ವಯಸ್ಸಾದವರಲ್ಲಿ ಹೆಚ್ಚು ಕಾಣುವುದು ಗಂಟುಗಂಟು ಗಳಗಂಡ. ವರ್ಷಗಳ ಕಾಲ ಬೆಳೆದು, ಕೆಲವು ಗಂಟು ದೊಡ್ಡದಾಗಿ, ಕೆಲವು ನೀರು ತುಂಬಿಕೊಂಡು, ಕೆಲವು ಒಳಗೇ ರಕ್ತ ಸುರಿದು ಗಟ್ಟಿಯಾಗಿರುತ್ತವೆ. ಅದು ಕೆಳಗೆ ಎದೆಮೂಳೆಯ ಹಿಂದೆ ಇಳಿದರೆ ತೊಂದರೆ. ಅಲ್ಲಿ ಹಿಗ್ಗಲು ಜಾಗ ಇಲ್ಲ. ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ. ಇಂಥವರಿಗೆ ಎರಡೂ ಕೈ ಮೇಲೆತ್ತಿ ಕಿವಿಗೆ ತಾಗಿಸಿ ಒಂದು ನಿಮಿಷ ಹಿಡಿಯಲು ಹೇಳುತ್ತೇವೆ. ಮುಖ ಕೆಂಪೇರಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ಗ್ರಂಥಿ ಒಳಗೆ ಇಳಿದು ರಕ್ತನಾಳ ಒತ್ತುತ್ತಿದೆ ಎಂದು ಅನುಮಾನಿಸಬೇಕು. ಇದು ಪೆಂಬರ್ಟನ್ ಗುರುತು. ಹೊರಗೆ ಸಣ್ಣದಾಗಿ ಕಂಡ ಮಾತ್ರಕ್ಕೆ ಗಳಗಂಡ ಸಣ್ಣದು ಎಂದು ತಿಳಿಯಬಾರದು.

ನೋವಿರುವ ಊತ ಬೇರೆಯೇ ಜಾತಿ. ವೈರಸ್ ಶೀತ ಜ್ವರ ಬಂದು ಹೋದ ಕೆಲವು ವಾರಗಳಲ್ಲಿ ಥೈರಾಯ್ಡ್ ಊದಿ, ಮುಟ್ಟಿದರೆ ನೋಯುತ್ತದೆ. ನೋವು ದವಡೆಗೆ, ಕಿವಿಗೆ ಹರಿಯುವುದರಿಂದ ಜನ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿರುತ್ತಾರೆ. ಶೇಖರವಾಗಿದ್ದ ಹಾರ್ಮೋನ್ ಒಮ್ಮೆಲೇ ಸೋರಿ ಕೆಲವು ವಾರ ಜಾಸ್ತಿ, ಆಮೇಲೆ ಕೆಲವು ವಾರ ಕಮ್ಮಿ ಆಗಿ, ಹೆಚ್ಚಿನವರಲ್ಲಿ ತಾನೇ ಸರಿಹೋಗುತ್ತದೆ. ಹೆರಿಗೆಯಾದ ಒಂದು ವರ್ಷದೊಳಗೆ ನೋವಿಲ್ಲದೆ ಇಂಥದೇ ಏರಿಳಿತ ಆಗುವುದುಂಟು. ಬಾಣಂತಿ ಸುಸ್ತು, ಸಿಡುಕು, ಬೇಜಾರು ಎಂದರೆ "ಮಗು ನಿದ್ದೆ ಕೊಡಲ್ಲ, ಅಷ್ಟೇ" ಎಂದು ಸುಮ್ನೆ ಬಿಡುತ್ತಾರೆ. ಒಂದು ಟಿಎಸ್‌ಎಚ್ ನೋಡಿದರೆ ಏನು ಕಳೆದುಕೊಳ್ಳುತ್ತೇವೆ?

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬಸುರಿನಲ್ಲಿ ಥೈರಾಯ್ಡ್ ಮೇಲೆ ಕೆಲಸದ ಹೊರೆ ಬೀಳುತ್ತದೆ, ಅಯೋಡಿನ್ ಮೂತ್ರದಲ್ಲಿ ಹೆಚ್ಚು ಹೋಗುತ್ತದೆ, ಸ್ವಲ್ಪ ದೊಡ್ಡದಾಗುವುದುಂಟು. ಮನೋರೋಗಕ್ಕೆ ಕೊಡುವ ಲಿಥಿಯಂ, ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್ ಗ್ರಂಥಿಯನ್ನು ಕೆಡಿಸಬಹುದು. ಅಮಿಯೊಡರೋನ್‌ನ 200 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಎಂದೆನಲ್ಲ, ಲೆಕ್ಕ ಹಾಕಿ. ಆದರೆ ಈ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಿರಿ ಸಾಕು. ಹಾರ್ಮೋನ್ ತಯಾರಿಸುವ ಕಿಣ್ವದಲ್ಲೇ ಹುಟ್ಟಿನಿಂದ ದೋಷ ಇರುವ ಮಕ್ಕಳೂ ಇದ್ದಾರೆ, ವಿರಳ. ಸಿಗರೇಟಿನ ಹೊಗೆಯಿಂದ ದೇಹದಲ್ಲಿ ಉಂಟಾಗುವ ಥಯೊಸಯನೇಟ್ ಎಂಬ ರಾಸಾಯನಿಕ ಅಯೋಡಿನ್‌ಗೆ ಅಡ್ಡ ಬರುತ್ತದೆ.

ಕೊನೆಗೆ ಎಲ್ಲರ ಮನಸ್ಸಿನಲ್ಲಿರುವ ಪದ, ಕ್ಯಾನ್ಸರ್. ಥೈರಾಯ್ಡ್ ಗಂಟುಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕ್ಯಾನ್ಸರ್ ಅಲ್ಲ. ಆದವುಗಳಲ್ಲೂ ಬಹುಪಾಲು ಪ್ಯಾಪಿಲರಿ ಎಂಬ ಜಾತಿ. ನಿಧಾನಕ್ಕೆ ಬೆಳೆಯುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹಾಗಂತ ಕಡೆಗಣಿಸಲೂಬಾರದು. ಗಂಟು ಕೆಲವೇ ವಾರಗಳಲ್ಲಿ ಬೆಳೆದರೆ, ಕಲ್ಲಿನಂತೆ ಗಟ್ಟಿಯಿದ್ದರೆ, ದನಿ ಒಡೆದು ಹಾಗೇ ಉಳಿದರೆ, ಕುತ್ತಿಗೆಯ ಪಕ್ಕದಲ್ಲೂ ಗಂಟು ಸಿಕ್ಕರೆ, ನುಂಗಲು ಉಸಿರಾಡಲು ಕಷ್ಟವಾದರೆ ಕಾಯಬೇಡಿ. ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಚೆರ್ನೋಬಿಲ್‌ನಲ್ಲಿ 1986ರಲ್ಲಿ ಸೋರಿದ ವಿಕಿರಣಶೀಲ ಅಯೋಡಿನ್ ಹಾಲಿನ ಮೂಲಕ ಮಕ್ಕಳ ಥೈರಾಯ್ಡ್ ಸೇರಿ, ಮುಂದೆ ಅಲ್ಲಿ ಎಷ್ಟೋ ಮಕ್ಕಳಿಗೆ ಈ ಕ್ಯಾನ್ಸರ್ ಬಂತು. ಮಕ್ಕಳ ಥೈರಾಯ್ಡ್ ವಿಕಿರಣಕ್ಕೆ ಎಷ್ಟು ಸೂಕ್ಷ್ಮ ಎಂದು ಜಗತ್ತಿಗೆ ಮನದಟ್ಟಾದದ್ದು ಆಗ.

ಪರೀಕ್ಷೆ ಹೇಗೆ?

ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ನಾನು ಹಿಂದೆ ನಿಲ್ಲುತ್ತೇನೆ. ಎರಡೂ ಕೈಯ ಬೆರಳುಗಳನ್ನು ಮುಂದೆ ತಂದು ಶ್ವಾಸನಾಳದ ಎರಡೂ ಬದಿ ಮುಟ್ಟಿ ನೋಡಿ, ನುಂಗಲು ಹೇಳುತ್ತೇನೆ. ಒಂದೊಂದು ಬದಿಯೂ ಅದೇ ರೋಗಿಯ ಹೆಬ್ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಿದೆಯೇ ಎನ್ನುವುದು ಅಳತೆ. ಡಾಕ್ಟರ ಹೆಬ್ಬೆರಳಲ್ಲ, ರೋಗಿಯ ಹೆಬ್ಬೆರಳು. ಮಗುವಿನ ಗ್ರಂಥಿಯನ್ನು ಮಗುವಿನ ಬೆರಳಿಗೇ ಹೋಲಿಸಬೇಕು ತಾನೇ? ಕೈಗೆ ಸಿಕ್ಕರೂ ಕಣ್ಣಿಗೆ ಕಾಣದಿದ್ದರೆ ಒಂದನೇ ದರ್ಜೆ, ಕುತ್ತಿಗೆ ನೇರವಾಗಿದ್ದಾಗಲೇ ಕಂಡರೆ ಎರಡನೇ ದರ್ಜೆ. ಶಾಲೆಗಳಲ್ಲಿ ಸಾವಿರಾರು ಮಕ್ಕಳನ್ನು ನೋಡುವವರಿಗೆ ಇಷ್ಟು ಸಾಕಾಗುತ್ತಿತ್ತು.

ಆಮೇಲೆ ರಕ್ತಪರೀಕ್ಷೆ, ಮೊದಲು ಟಿಎಸ್‌ಎಚ್. ಅದು ಏರುಪೇರಾದರೆ ಟಿ4, ಬೇಕಾದರೆ ಟಿ3, ಪ್ರತಿಕಾಯಗಳು. ಕೂದಲು ಉಗುರಿಗೆಂದು ಬಯೋಟಿನ್ ಮಾತ್ರೆ ತಗೊಳ್ಳುವವರು ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ರಿಪೋರ್ಟನ್ನೇ ತಪ್ಪಾಗಿಸುತ್ತದೆ, ಇಲ್ಲದ ಕಾಯಿಲೆ ಇದೆ ಎಂದು ತೋರಿಸುತ್ತದೆ.

ಗಂಟು ಇದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನ್. ಅದರಲ್ಲಿ ಅನುಮಾನ ಬಂದರೆ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ. ಹೆಸರು ಕೇಳಿ ಹೆದರುವವರೇ ಜಾಸ್ತಿ. ರಕ್ತ ತೆಗೆಯುವುದಕ್ಕಿಂತ ದಪ್ಪ ಸೂಜಿಯೇನಲ್ಲ. ಮಲಗಿಸಿ, ಹೆಗಲ ಕೆಳಗೆ ದಿಂಬಿಟ್ಟು, ನುಂಗಬೇಡಿ ಎಂದು ಹೇಳಿ ಕೆಲವು ಸೆಕೆಂಡು ಸೂಜಿ ಆಡಿಸುತ್ತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವ ಭಯದಿಂದ ಪರೀಕ್ಷೆ ಬಿಡಬೇಡಿ, ಆ ಭಯಕ್ಕೆ ಆಧಾರ ಇಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. ಏನೂ ತೊಂದರೆ ಇಲ್ಲದವರು ಸುಮ್ನೆ ಥೈರಾಯ್ಡ್ ಸ್ಕ್ಯಾನ್ ಮಾಡಿಸುವುದು ಬೇಡ. ವಯಸ್ಸಾದವರನ್ನು ಸ್ಕ್ಯಾನ್ ಮಾಡಿದರೆ ಅರ್ಧ ಜನರಲ್ಲಿ ಒಂದಲ್ಲ ಒಂದು ಸಣ್ಣ ಗಂಟು ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಇಂಥ ಸ್ಕ್ಯಾನ್ ಜನಪ್ರಿಯವಾದ ಮೇಲೆ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು, ಜೀವನಪೂರ್ತಿ ಮಾತ್ರೆಗೆ ಬಿದ್ದರು.

ಚಿಕಿತ್ಸೆ ಕಾರಣಕ್ಕೆ ತಕ್ಕಂತೆ. ಕೆಲಸ ಸರಿಯಿದ್ದು, ಒತ್ತಡ ಇಲ್ಲದೆ, ಕ್ಯಾನ್ಸರ್ ಅನುಮಾನವೂ ಇಲ್ಲದಿದ್ದರೆ ಆಗಾಗ ನೋಡುತ್ತಿದ್ದರೆ ಸಾಕು. ಕೆಲಸ ಕಮ್ಮಿಯಿದ್ದರೆ ಲಿವೊಥೈರಾಕ್ಸಿನ್ ಮಾತ್ರೆ, ಅಂದರೆ ಟಿ4 ಹಾರ್ಮೋನನ್ನೇ ಹೊರಗಿನಿಂದ ಕೊಡುವುದು; ಥೈರಾಕ್ಸಿನ್ ಮಾತ್ರೆ ಎಂದರೂ ಇದೇ. ಜಾಸ್ತಿಯಿದ್ದರೆ ತಗ್ಗಿಸುವ ಮಾತ್ರೆ, ಇಲ್ಲವೇ ವಿಕಿರಣಶೀಲ ಅಯೋಡಿನ್, ಇಲ್ಲವೇ ಆಪರೇಷನ್. ಆಪರೇಷನ್ ಎಂದಾಗ ಸ್ವಿಟ್ಜರ್ಲೆಂಡಿನ ಥಿಯೊಡೊರ್ ಕೋಖರ್‌ನನ್ನು ನೆನೆಯಬೇಕು. ಅವನಿಗಿಂತ ಮುಂಚೆ ಈ ಆಪರೇಷನ್ ಎಂದರೆ ರಕ್ತದ ಕೋಡಿ. ಅವನು ಸಾವಿನ ಪ್ರಮಾಣವನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದ, 1909ರಲ್ಲಿ ನೊಬೆಲ್ ಪಡೆದ. ಪೂರ್ತಿ ಗ್ರಂಥಿ ತೆಗೆದ ತನ್ನದೇ ರೋಗಿಗಳು ಮುಂದೆ ಮಂಕಾಗಿ, ಊದಿಕೊಂಡದ್ದನ್ನು ಕಂಡು 1883ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದ. ಥೈರಾಯ್ಡ್ ಏನು ಕೆಲಸ ಮಾಡುತ್ತದೆ ಎನ್ನುವುದು ಗೊತ್ತಾಗಲು ಆ ಪ್ರಾಮಾಣಿಕತೆಯೂ ಒಂದು ಕಾರಣ.

ಸಭಿಕರ ಪ್ರಶ್ನೆಗಳು

ಡಾಕ್ಟ್ರೇ, ಎಲೆಕೋಸು, ಹೂಕೋಸು ಪೂರ್ತಿ ಬಿಡಬೇಕಾ?

ಬೇಡ. ಅವುಗಳಲ್ಲಿ ಅಯೋಡಿನ್‌ಗೆ ಅಡ್ಡಬರುವ ಅಂಶ ಇರುವುದು ನಿಜ. ಮರಗೆಣಸು, ಸಜ್ಜೆಯಲ್ಲೂ ಇದೆ. ಆದರೆ ಅದು ತೊಂದರೆ ಕೊಡುವುದು ಅಯೋಡಿನ್ ತೀರಾ ಕಮ್ಮಿಯಿದ್ದು, ಅದನ್ನೇ ದಿನಾ ಮುಖ್ಯ ಆಹಾರವಾಗಿ ತಿನ್ನುವ ಕಡೆ. ಕೋಸನ್ನು ಬೇಯಿಸಿದರೆ ಅದು ಸಾಕಷ್ಟು ಕಮ್ಮಿಯಾಗುತ್ತದೆ. ವಾರಕ್ಕೆರಡು ಸಲ ಪಲ್ಯ ತಿಂದು ಯಾರಿಗೂ ಗಳಗಂಡ ಬರುವುದಿಲ್ಲ.

ಕಲ್ಲುಪ್ಪು ಆರೋಗ್ಯಕ್ಕೆ ಒಳ್ಳೆಯದು ಅಂತಾರಲ್ಲ?

ಕಲ್ಲುಪ್ಪು, ಬಣ್ಣದ ಉಪ್ಪುಗಳಿಗೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಪೊಟ್ಟಣದ ಮೇಲೆ ಬರೆದಿದೆಯೇ ನೋಡಿ. ಅಯೋಡಿನ್ ಉಪ್ಪನ್ನೂ ಮುಚ್ಚಳ ತೆಗೆದು ಒಲೆ ಪಕ್ಕ ಇಟ್ಟರೆ ಅಯೋಡಿನ್ ಕಮ್ಮಿಯಾಗುತ್ತಾ ಹೋಗುತ್ತದೆ. ಡಬ್ಬಿ ಮುಚ್ಚಿಡಿ. ಅಯೋಡಿನ್ ಬೇಕು ಎಂದು ಉಪ್ಪು ಜಾಸ್ತಿ ತಿನ್ನಬೇಡಿ, ದಿನಕ್ಕೆ 5 ಗ್ರಾಮಿನೊಳಗೆ ಇರಲಿ.

ನನ್ನ ಮಗಳಿಗೆ ಹದಿಮೂರು. ಕುತ್ತಿಗೆ ಸ್ವಲ್ಪ ದಪ್ಪ ಕಾಣುತ್ತೆ. ಹೆದರಬೇಕಾ?

ಮೈನೆರೆಯುವ ವಯಸ್ಸಿನಲ್ಲಿ ಹಾರ್ಮೋನ್ ಬೇಡಿಕೆ ಹೆಚ್ಚಿ ಗ್ರಂಥಿ ಸಮನಾಗಿ ಸ್ವಲ್ಪ ದಪ್ಪವಾಗುವುದುಂಟು, ಎಷ್ಟೋ ಸಲ ತಾನೇ ಇಳಿಯುತ್ತದೆ. ಆದರೆ ಹಶಿಮೊಟೊ ಕೂಡ ಈ ವಯಸ್ಸಿನಲ್ಲೇ ತಲೆಯೆತ್ತುತ್ತದೆ. ಒಮ್ಮೆ ತೋರಿಸಿ, ಟಿಎಸ್‌ಎಚ್ ಮಾಡಿಸಿ. ಊತ ಸಮನಾಗಿಲ್ಲದೆ ಒಂದೇ ಕಡೆ ಗಂಟು ಸಿಕ್ಕರೆ ಸ್ಕ್ಯಾನ್ ಬೇಕೇ ಬೇಕು, ಮಕ್ಕಳ ಗಂಟನ್ನು ನಾವು ಹಗುರವಾಗಿ ತಗೊಳ್ಳುವುದಿಲ್ಲ.

ಥೈರಾಕ್ಸಿನ್ ಮಾತ್ರೆ ತಗೊಂಡರೆ ಗಂಟು ಕರಗುತ್ತಾ?

ಹಿಂದೆ ಆ ಆಸೆಯಿಂದ ಎಲ್ಲರಿಗೂ ಕೊಡುತ್ತಿದ್ದರು. ಈಗ ಹಾಗೆ ಕೊಡುವುದಿಲ್ಲ. ಟಿಎಸ್‌ಎಚ್ ಸರಿಯಿರುವವರಿಗೆ ಗಂಟು ಕರಗಿಸಲೆಂದು ಮಾತ್ರೆ ಕೊಟ್ಟರೆ ಗಂಟು ಇಳಿಯುವುದು ಅಷ್ಟಕ್ಕಷ್ಟೇ, ಎದೆಬಡಿತದ ತೊಂದರೆ ಮತ್ತು ಮೂಳೆ ಸವೆತದ ಅಪಾಯ ಮಾತ್ರ ಹೆಚ್ಚುತ್ತದೆ. ಹಶಿಮೊಟೊದಿಂದ ಟಿಎಸ್‌ಎಚ್ ಏರಿ ಊದಿದ ಗ್ರಂಥಿ ಮಾತ್ರೆಗೆ ಸ್ವಲ್ಪ ಇಳಿಯಬಹುದು.

ನಾನು ಥೈರಾಕ್ಸಿನ್ ಮಾತ್ರೆ ತಗೊಳ್ತಿದ್ದೀನಿ. ಬಸುರಿಯಾದರೆ ನಿಲ್ಲಿಸಬೇಕಾ?

ನಿಲ್ಲಿಸಲೇಬಾರದು. ಮಗುವಿನ ಸ್ವಂತ ಥೈರಾಯ್ಡ್ ಸರಿಯಾಗಿ ಕೆಲಸ ಹಿಡಿಯುವ ತನಕ, ಮೊದಲ ತಿಂಗಳುಗಳಲ್ಲಿ ಅದು ನಿಮ್ಮ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಡೋಸ್ ಸಾಮಾನ್ಯವಾಗಿ ನಾಲ್ಕನೇ ಒಂದು ಭಾಗದಷ್ಟಾದರೂ ಹೆಚ್ಚಿಸಬೇಕಾಗುತ್ತದೆ. ಮುಟ್ಟು ನಿಂತು ಪರೀಕ್ಷೆಯಲ್ಲಿ ಖಚಿತವಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಭೇಟಿಯ ತನಕ ಕಾಯಬೇಡಿ. ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಇದು ಹೀರಲ್ಪಡದಂತೆ ತಡೆಯುತ್ತವೆ. ಹಾಗಾಗಿ ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಅರ್ಧ ಬಸುರು ಕಳೆಯುವ ತನಕ ಸುಮಾರು ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಿರಬೇಕು. ಹೆರಿಗೆ ಆದ ಮೇಲೆ ಹೆಚ್ಚಿನವರು ಹಳೇ ಡೋಸ್‌ಗೆ ವಾಪಸ್ ಬರುತ್ತಾರೆ, ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೆ ಅದೂ ಖಾತ್ರಿಯಾಗುತ್ತದೆ.